ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಒಂದು ದಿನ: ಎರಡು ಮ್ಯೂಸಿಯಂ, ಒಂದು ಬುತ್ತಿ, ಒಂದು ದೋಣಿ

ನಾವು ಇರುವುದು ಆಮ್‌ಸ್ಟರ್‌ಡ್ಯಾಮ್‌ಗೆ ಅಂಟಿಕೊಂಡೇ ಇರುವ ಆಮ್‌ಸ್ಟಲ್‌ವೇನ್‌ನಲ್ಲಿ. ಬೇಸಿಗೆ ರಜೆ ಬಂತು ಅಂದರೆ ನಮ್ಮಂಥವರ ಮನೆಗಳಲ್ಲಿ ಹಾಸಿಗೆ ಸಾಲದು, ಊರಿನಿಂದ ನೆಂಟರು ಬರುತ್ತಾರೆ. ಬಂದವರಿಗೆಲ್ಲ ಊರು ತೋರಿಸುವ ಕೆಲಸ ನನ್ನದು.

ಮೊದಲ ಸಲ ಅಪ್ಪ, ಅಮ್ಮ, ಅಕ್ಕ, ಭಾವ, ಅಕ್ಕನ ಮಗ ಎಲ್ಲರೂ ಒಟ್ಟಿಗೆ ಬಂದಾಗ ನಾನು ಒಂದೇ ದಿನಕ್ಕೆ ಮೂರು ಮ್ಯೂಸಿಯಂ, ಕಾಲುವೆಯಲ್ಲಿ ದೋಣಿ, ಸಂಜೆ ಮಾರುಕಟ್ಟೆ ಅಂತ ಪಟ್ಟಿ ಮಾಡಿದ್ದೆ. ಮಧ್ಯಾಹ್ನ ಮೂರಕ್ಕೆ ಅಮ್ಮ ಒಂದು ಬೆಂಚಿನ ಮೇಲೆ ಕೂತವರು ಏಳಲಿಲ್ಲ. ಏಳು ವರ್ಷದ ಅಕ್ಕನ ಮಗ ಮ್ಯೂಸಿಯಂ ನೆಲದ ಮೇಲೇ ಮಲಗಿಬಿಟ್ಟ. ಭಾವ ಮಾತ್ರ ಪ್ರತಿ ಚಿತ್ರದ ಪಕ್ಕದ ಬರಹವನ್ನೂ ಪೂರ್ತಿ ಓದುತ್ತಾ ಇನ್ನೂ ಮೊದಲನೇ ಕೋಣೆಯಲ್ಲೇ ಇದ್ದರು.

ಆಮೇಲೆ ನಾನು ಒಂದು ಲೆಕ್ಕ ಇಟ್ಟುಕೊಂಡೆ. ಒಂದು ಮ್ಯೂಸಿಯಂಗೆ ಹತ್ತು ವಸ್ತು, ಅಷ್ಟೇ. ಹತ್ತನ್ನು ನಿಧಾನವಾಗಿ ನೋಡಿ ಹೊರಗೆ ಬರುವುದು. ಈಗ ಎಂಟು ವರ್ಷದವರನ್ನೂ ಎಪ್ಪತ್ತು ದಾಟಿದವರನ್ನೂ ಒಂದೇ ದಿನ ಎರಡು ಮ್ಯೂಸಿಯಂಗೆ ಕರೆದುಕೊಂಡು ಹೋಗಿ, ನಗುತ್ತಾ ಮನೆಗೆ ತರುತ್ತೇನೆ. ಆ ದಿನವನ್ನು ಇಲ್ಲಿ ಬಿಡಿಸಿ ಬರೆದಿದ್ದೇನೆ.

ಮೊದಲು ಟಿಕೆಟ್, ಆಮೇಲೆ ಉಳಿದದ್ದು

ಡಚ್ ಚಿತ್ರಕಾರ ವಿನ್ಸೆಂಟ್ ವ್ಯಾನ್ ಗೋನ ಚಿತ್ರಗಳಿರುವ ವ್ಯಾನ್ ಗೋ ಮ್ಯೂಸಿಯಂ ಟಿಕೆಟ್ ಮೊದಲು ತೆಗೆದುಕೊಳ್ಳಿ. ಅದು ಆನ್‌ಲೈನ್‌ನಲ್ಲಿ ಮಾತ್ರ ಸಿಗುತ್ತದೆ, ಇಂಥ ಹೊತ್ತಿಗೆ ಅಂತ ಸಮಯ ನಿಗದಿಯಾಗಿರುತ್ತದೆ. ಬೇಸಿಗೆಯಲ್ಲಿ ಬೇಗ ಖಾಲಿಯಾಗುತ್ತದೆ. ಮಧ್ಯಾಹ್ನ ಎರಡೂವರೆಯ ಸಮಯ ಹಿಡಿಯಿರಿ. ಅದಾದ ಮೇಲೆ ಇಲ್ಲಿನ ರಾಷ್ಟ್ರೀಯ ಮ್ಯೂಸಿಯಂ ಆದ ರೈಕ್ಸ್‌ಮ್ಯೂಸಿಯಂಗೆ ಅದೇ ದಿನ ಬೆಳಿಗ್ಗೆ 9ರ ಟಿಕೆಟ್. ಅದು ವರ್ಷದ ಎಲ್ಲ ದಿನವೂ ಬೆಳಿಗ್ಗೆ 9ರಿಂದ ಸಂಜೆ 5ರವರೆಗೆ ತೆರೆದಿರುತ್ತದೆ. ದೊಡ್ಡವರಿಗೆ ಎರಡೂ ಕಡೆ ತಲಾ 25 ಯೂರೋ ಆಸುಪಾಸು. 18 ವರ್ಷದೊಳಗಿನ ಮಕ್ಕಳಿಗೆ ಎರಡೂ ಕಡೆ ಉಚಿತ. ಉಚಿತ ಅಂತ ಬಿಟ್ಟುಬಿಡಬೇಡಿ, ಮಕ್ಕಳ ಹೆಸರಲ್ಲೂ ಸೊನ್ನೆ ಯೂರೋ ಟಿಕೆಟ್ ಸೇರಿಸಿಕೊಳ್ಳಿ.

ಮ್ಯೂಸಿಯಂನವರ ಸ್ವಂತ ವೆಬ್‌ಸೈಟಿನಲ್ಲೇ ಕೊಳ್ಳಿ. ಹುಡುಕಿದಾಗ ಮೇಲೆ ಬರುವುದು ಎಷ್ಟೋ ಸಲ ಮಧ್ಯವರ್ತಿಗಳ ಪುಟ. ನಾನೂ ಒಮ್ಮೆ ಅವಸರದಲ್ಲಿ ಅಂಥ ಕಡೆ ದುಡ್ಡು ಕಟ್ಟಿ, ಜಾಸ್ತಿ ಕೊಟ್ಟು ಬೆಪ್ಪಾದೆ.

ನಾಜಿಗಳಿಂದ ಅಡಗಿ ಕೂತು ಡೈರಿ ಬರೆದ ಹುಡುಗಿ ಆನ್ ಫ್ರಾಂಕ್ ಮನೆಯನ್ನೂ ಇದೇ ದಿನಕ್ಕೆ ತುರುಕೋಣ ಅಂತ ಎಲ್ಲರೂ ಕೇಳುತ್ತಾರೆ. ಬೇಡ. ಅದನ್ನು ನೋಡಿದ ಮೇಲೆ ಬೇರೇನೂ ನೋಡುವ ಮನಸ್ಸು ಉಳಿಯುವುದಿಲ್ಲ, ಅದಕ್ಕೆ ಬೇರೆ ದಿನ ಇಡಿ. ಅದರ ಟಿಕೆಟ್ ಪ್ರತಿ ಮಂಗಳವಾರ ಇಲ್ಲಿನ ಬೆಳಿಗ್ಗೆ 10ಕ್ಕೆ, ಆರು ವಾರ ಮುಂದಿನ ದಿನಗಳಿಗೆ ಬಿಡುಗಡೆಯಾಗುತ್ತದೆ. ಅಂದರೆ ಬೇಸಿಗೆಯಲ್ಲಿ ನಮ್ಮ ಮಧ್ಯಾಹ್ನ ಒಂದೂವರೆ, ಚಳಿಗಾಲದಲ್ಲಿ ಎರಡೂವರೆ. ಬೆಂಗಳೂರಿನಲ್ಲಿ ಕೂತೇ ಬುಕ್ ಮಾಡಬಹುದು, ಆದರೆ ತತ್ಕಾಲ್ ಟಿಕೆಟ್ ಹಿಡಿಯುವಷ್ಟೇ ಚುರುಕಾಗಿರಬೇಕು.

ಹಿಂದಿನ ರಾತ್ರಿ

ಬುತ್ತಿ ಕಟ್ಟಿ. ಪುಳಿಯೋಗರೆ ಇರಲಿ, ಚಪಾತಿ ಸುರುಳಿ ಇರಲಿ. ಮ್ಯೂಸಿಯಂ ಕೋಣೆಗಳಲ್ಲಿ ತಿನ್ನುವ ಹಾಗಿಲ್ಲ, ಆದರೆ ಚೀಲವನ್ನು ಕೆಳಗೆ ಇಟ್ಟುಹೋಗಲು ಜಾಗ ಇದೆ. ದೊಡ್ಡ ಬ್ಯಾಗ್‌ಗಳನ್ನು ಒಳಗೆ ಬಿಡುವುದಿಲ್ಲ, ಅಲ್ಲೇ ಇಡಲೇಬೇಕು. ನೀರಿನ ಬಾಟಲಿ ಒಂದು ಸಾಕು, ಇಲ್ಲಿ ನಲ್ಲಿ ನೀರನ್ನೇ ಕುಡಿಯಬಹುದು. ಛತ್ರಿ ಬೇಡ. ಇಲ್ಲಿನ ಗಾಳಿಗೆ ಅದು ಎರಡೇ ನಿಮಿಷದಲ್ಲಿ ತಿರುಗಿ ಬೋಗುಣಿಯಾಗುತ್ತದೆ. ಟೋಪಿ ಇರುವ ಮಳೆ ಜಾಕೆಟ್ ತನ್ನಿ, ಜುಲೈ ಆದರೂ ಸರಿ.

ಹಿರಿಯರಿಗೆ ಮಂಡಿ ನೋವಿದ್ದರೆ ಸಂಕೋಚ ಬಿಟ್ಟು ಗಾಲಿಕುರ್ಚಿ ಕೇಳಿ. ಎರಡೂ ಮ್ಯೂಸಿಯಂನಲ್ಲಿ ಸಿಗುತ್ತದೆ, ಲಿಫ್ಟ್ ಇದೆ. ಅಪ್ಪ ಮೊದಲು "ನನಗೇನಾಗಿದೆ" ಅಂದರು. ಒಂದು ಗಂಟೆ ಆದ ಮೇಲೆ ಮೊಮ್ಮಗ ತಳ್ಳುತ್ತಿದ್ದ, ಅವರು ದಾರಿ ಹೇಳುತ್ತಿದ್ದರು.

ಟ್ರ್ಯಾಮ್ ಹತ್ತುವ ಮುಂಚೆ

ಇಲ್ಲಿ ಟ್ರ್ಯಾಮ್‌ಗೆ ಬ್ಯಾಂಕ್ ಕಾರ್ಡನ್ನೇ ಯಂತ್ರಕ್ಕೆ ಮುಟ್ಟಿಸಿದರೆ ಸಾಕು. ಆದರೆ ಮೂರು ಮಾತು ನೆನಪಿರಲಿ. ಒಬ್ಬರಿಗೆ ಒಂದು ಕಾರ್ಡ್, ಒಂದೇ ಕಾರ್ಡಿನಲ್ಲಿ ಮನೆಮಂದಿಯೆಲ್ಲ ಹೋಗಲು ಆಗುವುದಿಲ್ಲ. ಇಳಿಯುವಾಗಲೂ ಅದೇ ಕಾರ್ಡ್ ಮುಟ್ಟಿಸಬೇಕು. ಹತ್ತುವಾಗ ಫೋನು, ಇಳಿಯುವಾಗ ಕಾರ್ಡು ಅಂತ ಮಾಡಿದರೆ ಯಂತ್ರಕ್ಕೆ ಅವೆರಡೂ ಬೇರೆ ಬೇರೆ. ಇನ್ನು ನಮ್ಮ ಭಾರತದ ಕಾರ್ಡುಗಳಲ್ಲಿ ಹೊರದೇಶದ ಬಳಕೆ ಮತ್ತು ಮುಟ್ಟಿಸಿ ಪಾವತಿ ಎರಡನ್ನೂ ಬ್ಯಾಂಕಿನ ಆ್ಯಪ್‌ನಲ್ಲಿ ನೀವೇ ಆನ್ ಮಾಡಬೇಕು. ಊರು ಬಿಡುವ ಮುಂಚೆ ಮಾಡಿ. ಇಷ್ಟೆಲ್ಲ ತಲೆನೋವು ಬೇಡ ಅನ್ನುವವರು ದಿನದ ಪಾಸ್ ತೆಗೆದುಕೊಳ್ಳಲಿ. ಮಕ್ಕಳಿಗೆ ಕಡಿಮೆ ಬೆಲೆಯ ಪಾಸ್ ಇದೆ, ನಾಲ್ಕು ವರ್ಷದೊಳಗಿನವರಿಗೆ ಟಿಕೆಟ್ಟೇ ಬೇಡ.

ಸೆಂಟ್ರಲ್ ರೈಲು ನಿಲ್ದಾಣದಿಂದ 2 ಅಥವಾ 12ನೇ ನಂಬರ್ ಟ್ರ್ಯಾಮ್ ಹಿಡಿದು ರೈಕ್ಸ್‌ಮ್ಯೂಸಿಯಂ ಸ್ಟಾಪಿನಲ್ಲಿ ಇಳಿಯಿರಿ.

ಇಳಿದ ಕೂಡಲೇ ಮಕ್ಕಳ ಕೈ ಹಿಡಿಯಿರಿ. ಕಾರಿಗಲ್ಲ, ಸೈಕಲ್ಲಿಗೆ. ಕೆಂಪು ಬಣ್ಣದ ದಾರಿ ಸೈಕಲ್ಲಿನದು, ಅದರ ಮೇಲೆ ನಿಂತು ಫೋಟೊ ತೆಗೆಯುವುದು ಹೆದ್ದಾರಿ ಮಧ್ಯೆ ನಿಂತ ಹಾಗೆ. ಇಲ್ಲಿನವರು ಒಂದು ಸಲ ಗಂಟೆ ಬಾರಿಸುತ್ತಾರೆ, ಆಮೇಲೆ ಬಂದೇ ಬಿಡುತ್ತಾರೆ. ರೈಕ್ಸ್‌ಮ್ಯೂಸಿಯಂನ ವಿಶೇಷ ಏನು ಅಂದರೆ ಕಟ್ಟಡದ ಹೊಟ್ಟೆಯೊಳಗಿಂದಲೇ ಸೈಕಲ್ ದಾರಿ ಹಾದುಹೋಗುತ್ತದೆ. ಒಳಹೋಗುವ ಬಾಗಿಲು ಇರುವುದೂ ಅದೇ ಸುರಂಗದಂಥ ದಾರಿಯಲ್ಲಿ. ಹೊರಗೆ ಬರುವಾಗ ಎಡಕ್ಕೂ ಬಲಕ್ಕೂ ನೋಡಿ.

ಬೆಳಿಗ್ಗೆ 9: ನೇರ ಎರಡನೇ ಮಹಡಿಗೆ

ಈ ಕಟ್ಟಡ 1885ರದು. 2003ರಿಂದ ಹತ್ತು ವರ್ಷ ದುರಸ್ತಿಯಾಗಿ 2013ರಲ್ಲಿ ಮತ್ತೆ ತೆರೆಯಿತು. ಎಲ್ಲ ಕೋಣೆ ಸುತ್ತಲು ಒಂದು ವಾರ ಬೇಕು. ಹಾಗಾಗಿ ಕೆಳಗಡೆ ಯಾವ ಆಸೆಗೂ ಬೀಳದೆ ನೇರ ಎರಡನೇ ಮಹಡಿಗೆ ಹೋಗಿ, ಉದ್ದನೆಯ ಗೌರವ ಗ್ಯಾಲರಿಯನ್ನು ದಾಟಿ, ತುದಿಯಲ್ಲಿರುವ 'ನೈಟ್ ವಾಚ್' (ರಾತ್ರಿ ಕಾವಲು) ಚಿತ್ರದ ಮುಂದೆ ನಿಂತುಬಿಡಿ. ಹತ್ತೂವರೆ ಆದರೆ ಅಲ್ಲಿ ತಲೆಗಳೇ ಕಾಣುವುದು.

ರೆಂಬ್ರಾಂಟ್ 1642ರಲ್ಲಿ ಮುಗಿಸಿದ ಚಿತ್ರ. ಸುಮಾರು 3.6 ಮೀಟರ್ ಎತ್ತರ, 4.4 ಮೀಟರ್ ಅಗಲ. ಊರ ಕಾವಲು ಪಡೆಯವರು ದುಡ್ಡು ಹಾಕಿ ತಮ್ಮ ಚಿತ್ರ ಬರೆಸಿಕೊಂಡರು. ಶಾಲೆಯ ಗ್ರೂಪ್ ಫೋಟೊ ಹಾಗೆ ಸಾಲಾಗಿ ನಿಲ್ಲಿಸುವುದನ್ನು ಬಿಟ್ಟು ರೆಂಬ್ರಾಂಟ್ ಎಲ್ಲರನ್ನೂ ಆಗಷ್ಟೇ ಹೊರಟವರ ಹಾಗೆ ಬರೆದ. ಈಗ ಅದು ಗಾಜಿನ ಕೋಣೆಯೊಳಗೆ ಇದೆ. 2019ರಿಂದ ಪರೀಕ್ಷೆ ನಡೆಯುತ್ತಿದ್ದು, 2024ರ ಕೊನೆಯಿಂದ ಹಳೆಯ ವಾರ್ನಿಷ್ ತೆಗೆಯುವ ಕೆಲಸ ಜನರ ಕಣ್ಣೆದುರೇ ಶುರುವಾಗಿದೆ. ನೀವು ಹೋದ ದಿನ ಚಿತ್ರದ ಒಂದು ಮೂಲೆಗೆ ಯಂತ್ರ ಅಡ್ಡ ಇದ್ದರೆ ಬೇಜಾರು ಬೇಡ. ಮಕ್ಕಳಿಗಂತೂ ಆ ಕೆಲಸ ಮಾಡುವವರೇ ಚಿತ್ರಕ್ಕಿಂತ ಹೆಚ್ಚು.

ಇಲ್ಲಿ ಮಕ್ಕಳಿಗೆ ಇತಿಹಾಸ ಹೇಳಲು ಹೋಗಬೇಡಿ, ಹುಡುಕಲು ಬಿಡಿ. "ಕೋಳಿ ಎಲ್ಲಿದೆ?" ಅಂತ ಕೇಳಿ. ಹಳದಿ ಬಟ್ಟೆಯ ಪುಟ್ಟ ಹುಡುಗಿಯ ಸೊಂಟದಲ್ಲಿ ಸತ್ತ ಕೋಳಿ ತಲೆಕೆಳಗಾಗಿ ನೇತಾಡುತ್ತಿದೆ. ಕೋಳಿಯ ಪಂಜ ಆ ಪಡೆಯ ಗುರುತು. ತಮಟೆಯವನಿಗೆ ಬೊಗಳುತ್ತಿರುವ ನಾಯಿ ಎಲ್ಲಿ? ಹಿಂದಿನಿಂದ ಒಂದೇ ಕಣ್ಣು ಇಣುಕುತ್ತಿರುವವನು ಯಾರು? ಅವನು ರೆಂಬ್ರಾಂಟೇ ಅಂತ ಹಲವರ ನಂಬಿಕೆ. ಕೊನೆಗೆ ಕಷ್ಟದ್ದು: ಇದು ಹಗಲೋ ರಾತ್ರಿಯೋ? ನಡುವೆ ಕಪ್ಪು ಬಟ್ಟೆಯ ಕ್ಯಾಪ್ಟನ್ ಕೈ ಚಾಚಿದ್ದಾನೆ, ಅಲ್ವಾ? ಆ ಕೈಯ ನೆರಳು ಪಕ್ಕದವನ ಹಳದಿ ಅಂಗಿಯ ಮೇಲೆ ಬಿದ್ದಿದೆ, ಬೆರಳು ಬೆರಳಾಗಿ. ಅಷ್ಟು ಗಟ್ಟಿ ನೆರಳು ಬೀಳಬೇಕಾದರೆ ಬಿಸಿಲೇ ಇರಬೇಕು. ಕೊಳೆ, ವಾರ್ನಿಷ್ ಸೇರಿ ಕಪ್ಪಾದ ಮೇಲೆ ಜನ ಅದನ್ನು ರಾತ್ರಿ ಅಂತ ಕರೆದರು.

ಇನ್ನೊಂದು ಕಥೆ ಇದೆ, ಸಂಜೆಗೆ ಬೇಕಾಗುತ್ತದೆ. 1715ರಲ್ಲಿ ಈ ಚಿತ್ರವನ್ನು ಟೌನ್ ಹಾಲ್‌ಗೆ ಸಾಗಿಸಿದರು. ಅಲ್ಲಿನ ಗೋಡೆಗೆ ಹಿಡಿಸಲಿಲ್ಲ. ಹಿಡಿಸಲಿಲ್ಲ ಅಂತ ನಾಲ್ಕೂ ಕಡೆ ಕತ್ತರಿಸಿದರು! ಎಡಗಡೆ ಜಾಸ್ತಿ ಹೋಯಿತು. ಆ ತುಂಡುಗಳು ಇವತ್ತಿಗೂ ಸಿಕ್ಕಿಲ್ಲ.

ಅಲ್ಲಿಂದ ಗ್ಯಾಲರಿಯಲ್ಲೇ ವಾಪಸ್ ಬರುತ್ತಾ ವರ್ಮೀರ್‌ನ 'ಹಾಲು ಸುರಿಯುವವಳು' ಹುಡುಕಿ. ಹುಡುಕಿ ಅಂತ ಯಾಕೆ ಹೇಳಿದೆ ಅಂದರೆ ಅದು ಬರೀ 45 ಸೆಂಟಿಮೀಟರ್ ಎತ್ತರದ ಚಿತ್ರ. ಅಮ್ಮ ಇದರ ಮುಂದೆ ಕಾಲು ಗಂಟೆ ನಿಂತರು. ಕಿಟಕಿ ಬೆಳಕು, ಮೇಜಿನ ಮೇಲೆ ಬ್ರೆಡ್, ಒಬ್ಬ ಕೆಲಸದ ಹೆಂಗಸು ಹಾಲು ಬಗ್ಗಿಸುತ್ತಿದ್ದಾಳೆ, ಅಷ್ಟೇ. ಹತ್ತಿರ ಹೋಗಿ ಗೋಡೆ ನೋಡಿ. ಖಾಲಿ ಗೋಡೆಯಲ್ಲಿ ಒಂದು ಮೊಳೆ, ಮೊಳೆ ಕಿತ್ತ ತೂತುಗಳು. "ನಮ್ಮ ಹಳೇ ಅಡುಗೆಮನೆ ಗೋಡೆ" ಅಂದರು ಅಮ್ಮ. ಆ ಗೋಡೆಯ ಮೇಲೆ ವರ್ಮೀರ್ ಮೊದಲು ಹೂಜಿಗಳನ್ನು ನೇತುಹಾಕುವ ಹಲಗೆ ಬರೆಯಲು ಶುರುಮಾಡಿ, ಆಮೇಲೆ ಬೇಡ ಅಂತ ಮುಚ್ಚಿದ್ದ. ಅದು ಗೊತ್ತಾಗಿದ್ದು 2022ರಲ್ಲಿ, ಸ್ಕ್ಯಾನ್ ಮಾಡಿದಾಗ.

ಇದೇ ಮಹಡಿಯಲ್ಲಿ ಎರಡು ಕಡೆ ಮಕ್ಕಳು ಕಾಲು ನೆಡುತ್ತಾರೆ. ಒಂದು 'ವಿಲಿಯಂ ರೆಕ್ಸ್' ಅನ್ನುವ 1698ರ ಯುದ್ಧ ಹಡಗಿನ ದೊಡ್ಡ ಮಾದರಿ. ಇನ್ನೊಂದು ಪೆಟ್ರೊನೆಲ್ಲಾ ಊರ್ಟ್‌ಮನ್ ಅನ್ನುವ ಶ್ರೀಮಂತ ಹೆಂಗಸಿನ ಗೊಂಬೆ ಮನೆ. ಪಿಂಗಾಣಿ ತಟ್ಟೆ, ಬುಟ್ಟಿ, ಹಾಸಿಗೆ ಎಲ್ಲವೂ ಬೆರಳುದ್ದದ ಅಳತೆಗೆ ಹೇಳಿ ಮಾಡಿಸಿದ್ದು. ಆ ದುಡ್ಡಿಗೆ ಆಗ ಕಾಲುವೆ ದಂಡೆಯಲ್ಲಿ ನಿಜವಾದ ಮನೆಯೇ ಬರುತ್ತಿತ್ತಂತೆ. ದಸರಾ ಗೊಂಬೆ ಕೂರಿಸುವ ಮನೆಯವರಿಗೆ ಇದರ ಹುಚ್ಚು ಬೇಗ ಅರ್ಥವಾಗುತ್ತದೆ.

ಕೊನೆಗೆ ಕೆಳಗಿಳಿದು ಏಷ್ಯಾ ಪೆವಿಲಿಯನ್‌ಗೆ ಬನ್ನಿ. ಎಷ್ಟೋ ಜನ ಇದನ್ನು ಬಿಟ್ಟುಹೋಗುತ್ತಾರೆ. ಇಲ್ಲಿ ಚೋಳರ ಕಾಲದ ಕಂಚಿನ ನಟರಾಜ ಇದ್ದಾನೆ, 12ನೇ ಶತಮಾನದವನು. ಒಂದೂವರೆ ಮೀಟರ್ ಎತ್ತರ, 300 ಕಿಲೋ ತೂಕ. ಎಕ್ಸ್‌ರೇ ಮಾಡಿಸಿ ನೋಡಿದಾಗ ಒಳಗೆ ಟೊಳ್ಳೇ ಇಲ್ಲ, ಪೂರ್ತಿ ಗಟ್ಟಿ ಎರಕ ಅಂತ ತಿಳಿಯಿತು. ಇಷ್ಟು ದೊಡ್ಡ ಕಂಚಿನ ವಿಗ್ರಹವನ್ನು ಯುರೋಪಿನವರು ಟೊಳ್ಳಾಗಿ ಎರಕ ಹೊಯ್ಯುತ್ತಿದ್ದರು, ಅದಕ್ಕೇ ಅವರಿಗೆ ಆಶ್ಚರ್ಯ. ಅಮ್ಮ ಒಳಗೆ ಕಾಲಿಟ್ಟವರೇ ಅಭ್ಯಾಸಬಲದಿಂದ ಶೂ ಬಿಚ್ಚಲು ಬಗ್ಗಿದರು. ಅಪ್ಪ ಕೈಮುಗಿದು, "ಇಲ್ಲಿ ಯಾರೂ ಇವನಿಗೆ ನೀರು ಹಾಕುವುದಿಲ್ಲ, ಅಲ್ವಾ" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಹನ್ನೊಂದೂಮುಕ್ಕಾಲಿಗೆ ಹೊರಗೆ ಬನ್ನಿ. ಯಾರಾದರೂ "ಇನ್ನೊಂದು ಕೋಣೆ" ಅಂದರೂ ಬನ್ನಿ. ಹೊರಡುವ ಮುಂಚೆ ಎಲ್ಲರೂ ಶೌಚಾಲಯಕ್ಕೆ ಹೋಗಲಿ. ಹೊರಗೆ ಹುಡುಕುವುದೂ ಕಷ್ಟ, ಸಿಕ್ಕರೂ ಸಾಮಾನ್ಯವಾಗಿ ದುಡ್ಡು ಕೊಡಬೇಕು.

ಊಟ, ಮತ್ತು ಒಂದು ಎಚ್ಚರಿಕೆ

ಎದುರಿಗಿರುವ ದೊಡ್ಡ ಮೈದಾನ ಮ್ಯೂಸಿಯಂಪ್ಲೈನ್. ಆ ಮೈದಾನದ ಒಂದು ಮೂಲೆ ನಾಯಿಯ ಕಿವಿ ಎತ್ತಿದ ಹಾಗೆ ಮೇಲೆದ್ದಿದೆ, ಹುಲ್ಲು ಹಾಸಿದ ಇಳಿಜಾರು. ಅದರ ಕೆಳಗೇ ಆಲ್ಬರ್ಟ್ ಹೈನ್ ಸೂಪರ್‌ಮಾರ್ಕೆಟ್ ಇದೆ. ಮೊಸರು, ಹಣ್ಣು, ಬ್ರೆಡ್ ಅಲ್ಲೇ ತೆಗೆದುಕೊಂಡು ಮೇಲೆ ಕೂತು ಬುತ್ತಿ ಬಿಚ್ಚಿ. ಮಕ್ಕಳು ಇಳಿಜಾರಿನಲ್ಲಿ ಉರುಳಲಿ. ಎರಡು ಗಂಟೆ ಬಾಯಿ ಮುಚ್ಚಿಕೊಂಡು ಇದ್ದದ್ದಕ್ಕೆ ಅದು ಸಂಬಳ. 'ಐ ಆಮ್‌ಸ್ಟರ್‌ಡ್ಯಾಮ್' ಅನ್ನುವ ದೊಡ್ಡ ಕೆಂಪು ಬಿಳಿ ಅಕ್ಷರಗಳನ್ನು ಹುಡುಕಬೇಡಿ. 2018ರಲ್ಲೇ ಅವನ್ನು ಇಲ್ಲಿಂದ ತೆಗೆದಿದ್ದಾರೆ, ಆದರೂ ನೆಂಟರೆಲ್ಲ ಅದರದ್ದೇ ಫೋಟೊ ತೋರಿಸಿ ಕೇಳುತ್ತಾರೆ.

ಬಿಸಿ ಊಟವೇ ಬೇಕು ಅಂದರೆ ಹದಿನೈದು ನಿಮಿಷ ನಡೆದು ಆಲ್ಬರ್ಟ್ ಕೌಪ್ ಬೀದಿ ಮಾರುಕಟ್ಟೆಗೆ ಹೋಗಿ, ಭಾನುವಾರ ಮಾತ್ರ ರಜೆ. ಅಲ್ಲಿ ದಕ್ಷಿಣ ಅಮೆರಿಕದ ಸುರಿನಾಮ್ ದೇಶದ ಊಟದ ಅಂಗಡಿಗಳಲ್ಲಿ 'ರೋಟಿ' ಕೇಳಿ. ಅದರ ಹಿಂದೆ ನಮ್ಮ ದೇಶದ್ದೇ ಕಥೆ ಇದೆ. 1873ರಲ್ಲಿ 'ಲಲ್ಲಾ ರೂಖ್' ಅನ್ನುವ ಹಡಗು ಕಲ್ಕತ್ತೆಯಿಂದ ಕೂಲಿಯವರನ್ನು ಡಚ್ಚರ ಕಬ್ಬಿನ ತೋಟಗಳಿಗೆ ಅಂತ ಸುರಿನಾಮ್‌ಗೆ ಒಯ್ದಿತು. ಅವರ ಮೊಮ್ಮಕ್ಕಳು ಮರಿಮಕ್ಕಳು ಇಲ್ಲಿಗೆ ಬಂದು ನೆಲೆಸಿದರು, ರೊಟ್ಟಿಯೂ ಜೊತೆಗೆ ಬಂತು. ಸಸ್ಯಾಹಾರದ್ದು ಕೇಳಿದರೆ ಆಲೂಗಡ್ಡೆ, ಉದ್ದನೆಯ ಅಲಸಂದೆ ಕಾಯಿ ಪಲ್ಯ ಸುತ್ತಿ ಕೊಡುತ್ತಾರೆ.

ಮಾಂಸ ತಿನ್ನದವರು 'ಕ್ರೋಕೆಟ್' ಮುಟ್ಟಬೇಡಿ. ನೋಡಲು ಆಲೂ ಬೋಂಡದ ಹಾಗೆ, ಒಳಗೆ ದನದ ಮಾಂಸ. ಫ್ರೈಸ್ ಕೂಡ ಕೆಲವು ಅಂಗಡಿಯಲ್ಲಿ ದನದ ಕೊಬ್ಬಿನಲ್ಲಿ ಕರಿಯುತ್ತಾರೆ, ಕೇಳಿ ತೆಗೆದುಕೊಳ್ಳಿ.

ಹೇಳಿದ ಎಚ್ಚರಿಕೆ ಇದು. 'ಕಾಫಿಶಾಪ್' ಅಂತ ಬೋರ್ಡ್ ಇದ್ದರೆ ಅಲ್ಲಿ ಮಾರುವುದು ಗಾಂಜಾ. ಕಾಫಿ ಬೇಕಾದರೆ 'ಕೆಫೆ' ಹುಡುಕಿ. ಫಿಲ್ಟರ್ ಕಾಫಿ ನೆನಪಾಗಿ ಅಪ್ಪ ಒಮ್ಮೆ ಒಂದು ಕಾಫಿಶಾಪ್ ಬಾಗಿಲವರೆಗೂ ಹೋಗಿ, ಮೂಗು ಮುಚ್ಚಿಕೊಂಡು ವಾಪಸ್ ಬಂದರು.

ಎರಡೂವರೆ: ವ್ಯಾನ್ ಗೋ

ಮೈದಾನದ ಪಕ್ಕದಲ್ಲೇ ಇದೆ. ಇಲ್ಲಿ ಒಂದೂವರೆ ಗಂಟೆ ಸಾಕು, ಚಿತ್ರಗಳ ಫೋಟೊ ತೆಗೆಯುವ ಹಾಗಿಲ್ಲ. 'ಸ್ಟಾರಿ ನೈಟ್' ನೋಡಬೇಕು ಅಂತ ಬಂದಿದ್ದರೆ ಈಗಲೇ ಹೇಳಿಬಿಡುತ್ತೇನೆ, ಅದು ನ್ಯೂಯಾರ್ಕಿನಲ್ಲಿದೆ.

ಮೊದಲು 1885ರ 'ಆಲೂಗಡ್ಡೆ ತಿನ್ನುವವರು'. ದೀಪದ ಕೆಳಗೆ ಐದು ಜನ, ಕಪ್ಪು ಕಂದು ಬಣ್ಣ. ಸಿಪ್ಪೆ ಸುಲಿಯದ, ಧೂಳು ಮೆತ್ತಿದ ಆಲೂಗಡ್ಡೆ ಬಣ್ಣ ಅಂತ ವ್ಯಾನ್ ಗೋನೇ ಪತ್ರದಲ್ಲಿ ಬರೆದಿದ್ದಾನೆ. ಮಕ್ಕಳಿಗೆ ಇದು ಇಷ್ಟವಾಗುವುದಿಲ್ಲ, ಪರವಾಗಿಲ್ಲ. ಚಿತ್ರದಲ್ಲಿರುವವರ ಕೈಗಳನ್ನು ಮಾತ್ರ ತೋರಿಸಿ, ಗಂಟು ಗಂಟು. ಮುಂದೆ ಫ್ರಾನ್ಸಿಗೆ ಹೋದ ಮೇಲಿನ ಚಿತ್ರಗಳಿಗೆ ಬನ್ನಿ. ಅದೇ ಮನುಷ್ಯ, ಮೂರು ನಾಲ್ಕೇ ವರ್ಷ, ಬಣ್ಣ ಹೇಗೆ ಹೊತ್ತಿಕೊಂಡಿದೆ ನೋಡಿ. 1889ರ 'ಸೂರ್ಯಕಾಂತಿ'ಯನ್ನು ಪಕ್ಕಕ್ಕೆ ಬಾಗಿ ನೋಡಿ. ಬಣ್ಣ ಗೋಡೆಗೆ ಗಾರೆ ಮೆತ್ತಿದ ಹಾಗೆ ಎದ್ದು ನಿಂತಿದೆ. 'ಮಲಗುವ ಕೋಣೆ'ಯ ಗೋಡೆ ಈಗ ನೀಲಿ. ಅವನು ಬಳಿದಿದ್ದು ನೇರಳೆ, ಅದರಲ್ಲಿದ್ದ ಕೆಂಪು ಮಾಸಿಹೋಗಿದೆ.

ಉಳಿದದ್ದಕ್ಕೆ ಹೊತ್ತಿಲ್ಲದಿದ್ದರೂ 'ಬಾದಾಮಿ ಹೂ' ಬಿಡಬೇಡಿ. 1890ರ ಜನವರಿಯಲ್ಲಿ ವ್ಯಾನ್ ಗೋನ ತಮ್ಮ ಥಿಯೋಗೆ ಗಂಡು ಮಗುವಾಯಿತು, ಮಗುವಿಗೆ ದೊಡ್ಡಪ್ಪನ ಹೆಸರೇ ಇಟ್ಟರು, ವಿನ್ಸೆಂಟ್. ಖುಷಿಯಾಗಿ ದೊಡ್ಡಪ್ಪ ತೊಟ್ಟಿಲ ಮಗುವಿಗೆ ಬರೆದುಕೊಟ್ಟ ಚಿತ್ರ ಇದು, ನೀಲಿ ಆಕಾಶಕ್ಕೆ ಬಿಳಿ ಹೂವಿನ ಕೊಂಬೆ. ಅದೇ ವರ್ಷ ಜುಲೈನಲ್ಲಿ ಅವನು ತೀರಿಕೊಂಡ, ಬರೀ 37 ವರ್ಷ. ಆರು ತಿಂಗಳಿಗೆ ಥಿಯೋನೂ ಹೋದ. ಕಂಕುಳಲ್ಲಿ ಕೂಸು, ಮನೆ ತುಂಬ ಯಾರೂ ಕೊಳ್ಳದ ಚಿತ್ರಗಳು, ಹೀಗೆ ಉಳಿದವಳು ಥಿಯೋನ ಹೆಂಡತಿ ಯೋ. ಅವಳು ಚಿತ್ರಗಳನ್ನು ಜೋಪಾನ ಮಾಡಿ, ಪ್ರದರ್ಶನಗಳಿಗೆ ಕಳಿಸಿ, 1914ರಲ್ಲಿ ಅಣ್ಣತಮ್ಮಂದಿರ ಪತ್ರಗಳನ್ನು ಅಚ್ಚು ಹಾಕಿಸಿದಳು. ಆ ಕೂಸು ಬೆಳೆದು ಎಂಜಿನಿಯರ್ ಆಗಿ, ಈ ಮ್ಯೂಸಿಯಂ ಆಗುವ ಹಾಗೆ ಮಾಡಿದ. 1973ರಲ್ಲಿ ಬಾಗಿಲು ತೆರೆದಾಗ ಅವನಿಗೆ 83 ವರ್ಷ. ಈ ಕಥೆ ಕೇಳಿದ ಅಕ್ಕ, "ನೋಡು, ಓರಗಿತ್ತಿಯಂತೂ ಇರಲಿಲ್ಲ, ಭಾವನ ಸಾಮಾನು ಇವಳೇ ಕಾಯ್ದಳು" ಅಂದಳು.

ಆರು ವರ್ಷದೊಳಗಿನ ಮಕ್ಕಳಿದ್ದರೆ ಈ ಎರಡನೇ ಮ್ಯೂಸಿಯಂಗೆ ಮನೆಯವರು ಅರ್ಧ ಜನ ಹೋಗಿ, ಉಳಿದವರು ಮಕ್ಕಳ ಜೊತೆ ಹತ್ತಿರದ ಫೋಂಡೆಲ್ ಪಾರ್ಕ್‌ನಲ್ಲಿ ಇರುವುದೇ ಒಳ್ಳೆಯದು. ಸುಮ್ನೆ ಎಳೆದುಕೊಂಡು ಹೋಗಿ ಗದರುವುದಕ್ಕಿಂತ ಮೇಲು.

ಸಂಜೆ: ಟೌನ್ ಹಾಲ್, ಕಾಲುವೆ, ದೋಣಿ

ನಾಲ್ಕೂಕಾಲಿಗೆ ಕಾಲು ಇನ್ನೂ ನಡೆಯುತ್ತಿದ್ದರೆ ಸ್ಪೀಗಲ್ ಕಾಲುವೆ ಬದಿಯಿಂದ ಊರೊಳಗೆ ನಡೆಯಿರಿ. ಕಿರಿದಾದ ಎತ್ತರದ ಮನೆಗಳ ನೆತ್ತಿಯಲ್ಲಿ ಒಂದು ತೊಲೆ, ಅದಕ್ಕೊಂದು ಕೊಕ್ಕೆ ಕಾಣುತ್ತದೆ. ಒಳಗಿನ ಮೆಟ್ಟಿಲು ತೀರಾ ಇಕ್ಕಟ್ಟು, ಹಾಗಾಗಿ ಸಾಮಾನನ್ನೆಲ್ಲ ಹಗ್ಗ ಹಾಕಿ ಕಿಟಕಿಯಿಂದ ಎತ್ತುತ್ತಾರೆ, ಈಗಲೂ. ಹಿಂದೆ ಇಂಥ ಅಟ್ಟಗಳಲ್ಲಿ ಮಲಬಾರಿನ ಮೆಣಸೂ ಇರುತ್ತಿತ್ತು. ರೆಗುಲಿಯರ್ಸ್ ಕಾಲುವೆಯ ಮೊದಲ ಸೇತುವೆ ಹತ್ತಿರ ನಿಂತರೆ ಒಂದರ ಹಿಂದೆ ಒಂದು ಏಳು ಸೇತುವೆ ಸಾಲಾಗಿ ಕಾಣುತ್ತವೆ. ಮಕ್ಕಳು ಎಣಿಸಲಿ.

ನಡೆಯಲಾಗದವರು ಅದೇ 2 ಅಥವಾ 12ರ ಟ್ರ್ಯಾಮ್ ಹತ್ತಿ ಡಾಮ್‌ನಲ್ಲಿ ಇಳಿಯಲಿ. ಅಲ್ಲಿ ಕಾಣುವ ದೊಡ್ಡ ಅರಮನೆಯೇ ಹಿಂದಿನ ಟೌನ್ ಹಾಲ್. ಬೆಳಿಗ್ಗೆ ಹೇಳಿದ ಕಥೆ ನೆನಪಿಸಿ, ಚಿತ್ರ ಹಿಡಿಸದೆ ಕತ್ತರಿಸಿದ್ದು ಈ ಕಟ್ಟಡಕ್ಕಾಗಿ. ಜವುಗು ನೆಲ ಅಂತ ಇದರ ಅಡಿಗೆ 13,659 ಮರದ ಕಂಬ ಇಳಿಸಿದ್ದಾರೆ. ಅಕ್ಕನ ಮಗ ಎಲ್ಲ ಕೇಳಿಸಿಕೊಂಡು, "ಇಷ್ಟು ದೊಡ್ಡ ಮನೆಯಲ್ಲಿ ಬೇರೆ ಗೋಡೆ ಇರಲಿಲ್ವಾ, ಚಿಕ್ಕಮ್ಮ?" ಅಂದ.

ದುಡ್ಡು ಕೊಟ್ಟು ಹೋಗುವ ಕಾಲುವೆ ದೋಣಿ ಸುಮಾರು ಒಂದು ಗಂಟೆ, ಚೆನ್ನಾಗಿರುತ್ತದೆ. ಆದರೆ ಅಷ್ಟೊತ್ತಿಗೆ ಹಿರಿಯರು ಅದರಲ್ಲಿ ನಿದ್ದೆ ಮಾಡುತ್ತಾರೆ. ನಾನು ಸೆಂಟ್ರಲ್ ನಿಲ್ದಾಣದ ಹಿಂಬದಿಗೆ ಕರೆದುಕೊಂಡು ಹೋಗುತ್ತೇನೆ. ಅಲ್ಲಿಂದ ನದಿಯಂತೆ ಅಗಲವಾದ, ಐ (IJ) ಅನ್ನುವ ನೀರಿನ ಆಚೆ ದಡಕ್ಕೆ ಹೋಗುವ ದೋಣಿ ಪೂರ್ತಿ ಉಚಿತ, ಹಗಲೂ ರಾತ್ರಿ ಓಡುತ್ತದೆ. ಬೌಕ್‌ಸ್ಲೋಟರ್‌ವೆಗ್ ಅಂತ ಬರೆದಿರುವುದನ್ನು ಹತ್ತಿ. ಸೈಕಲ್ಲಿನವರು, ಆಫೀಸು ಮುಗಿಸಿದವರು, ಮಗುವಿನ ಗಾಡಿ ತಳ್ಳುವವರು ಎಲ್ಲ ಒಟ್ಟಿಗೆ ನಿಂತಿರುತ್ತಾರೆ. ಎದುರಿಗೆ ಹಾರಲು ಹೊರಟ ಹಕ್ಕಿಯ ಹಾಗಿರುವ ಬಿಳಿ ಕಟ್ಟಡ 'ಐ' (Eye, ಕಣ್ಣು) ಸಿನಿಮಾ ಮ್ಯೂಸಿಯಂ. ಮೂರು ನಾಲ್ಕು ನಿಮಿಷದಲ್ಲಿ ದಡ ಸೇರಿ ಆಯಿತು. ಜೂನ್‌ನಲ್ಲಿ ರಾತ್ರಿ ಹತ್ತರವರೆಗೂ ಬೆಳಕಿರುತ್ತದೆ, ಆ ಕಡೆ ಹುಲ್ಲಿನ ಮೇಲೆ ಉಳಿದ ಬುತ್ತಿ ಮುಗಿಸಬಹುದು.

ಅಕ್ಕನ ಮಗ ಅವತ್ತು ನಾಲ್ಕು ಸಲ ಆಚೆ ಈಚೆ ಓಡಾಡಿದ. ಊರಿಗೆ ಹೋದ ಮೇಲೆ ಶಾಲೆಯಲ್ಲಿ ಬರೆದ ಪ್ರವಾಸದ ಪ್ರಬಂಧದಲ್ಲಿ ಮುಕ್ಕಾಲು ಪಾಲು ಈ ದೋಣಿಯೇ ಇತ್ತು. ಒಂದು ಸಾಲಿನಲ್ಲಿ ಕೋಳಿಯೂ ಇತ್ತು.